ಹೋದ ಎಣ್ಣೆ ಮರಳಿ ಬರಬೇಕು

ಕಬ್ಬು ನುರಿಸುವ ಹಂಗಾಮು ಏರಿತೆಂದರೆ ಕಲಬುರಗಿ ಜಿಲ್ಲೆಯ ಆಳಂದ ತಾಲ್ಲೂಕಿನ ನಿಂಬರ್ಗಾ ಸುತ್ತಲಿನ ರಸ್ತೆಗಳಲ್ಲಿ ರಾತ್ರಿಯೂ ಟ್ರ್ಯಾಕ್ಟರ್ ಸದ್ದು ನಿಲ್ಲುವುದಿಲ್ಲ. ಒಂದಿಷ್ಟು ಭೂಸನೂರಿನ ಕಾರ್ಖಾನೆಗೆ, ಒಂದಿಷ್ಟು ಅಫಜಲಪುರ ತಾಲ್ಲೂಕಿನ ಹವಳಗಾಕ್ಕೆ. ಜೇವರ್ಗಿ ಕಡೆಯ ಕಬ್ಬು ಮಳ್ಳಿಗೆ. ಹಿಂದೆ ಎರಡು ಟ್ರಾಲಿ, ಟ್ರಾಲಿಯ ಅಂಚು ಮೀರಿದ ಹೇರು, ಮುಂದೆ ಒಂದು ಏರು. ಆ ಏರಿನಲ್ಲಿ ಹೊಸ ಟ್ರ್ಯಾಕ್ಟರಿನ ಬಾನೆಟ್ ಒಳಗಿಂದ ಸಣ್ಣಗೆ ಸಿಳ್ಳೆ ಏಳುತ್ತದೆ. ಅದು ಟರ್ಬೊ. ಸಿಳ್ಳೆ ಎಲ್ಲರಿಗೂ ಕೇಳಿಸುತ್ತದೆ. ಟರ್ಬೊದ ಹೊಟ್ಟೆಯಡಿಯಿಂದ ಇಳಿದು ಎಂಜಿನ್ನಿನ ಪಕ್ಕೆ ಸೇರುವ ಹೆಬ್ಬೆರಳು ಗಾತ್ರದ ಪೈಪನ್ನು ಮಾತ್ರ ಕೆಡುವ ತನಕ ಯಾರೂ ನೋಡುವುದಿಲ್ಲ.

ಹಿಮದ ಮೇಲೆ ಓಡುವ ಸ್ನೋಮೊಬೈಲ್‌ಗೆ ಟರ್ಬೊ ಕೂರಿಸಿದರೆ ಯಾವ ಆಯಿಲ್ ಪಂಪು ಹಾಕಬೇಕು ಎಂಬ ಪ್ರಶ್ನೆ ನಿಂಬರ್ಗಾದಲ್ಲಿ ಎದುರಾಗುವಂಥದ್ದಲ್ಲ. ಇಲ್ಲಿ ಮುಗಿಲಿಂದ ಬೀಳುವ ಬಿಳಿಯೆಂದರೆ ಮಾರ್ಚ್‌–ಏಪ್ರಿಲ್‌ನ ಆಲಿಕಲ್ಲು ಮಾತ್ರ, ಅದೂ ಬೆಳೆ ಕೆಡಿಸಲೆಂದೇ ಬಂದಂತೆ. ಆದರೂ ಆ ದೂರದ ಪ್ರಶ್ನೆಯನ್ನು ಬಿಡಿಸುತ್ತ ಹೋದರೆ ಕೊನೆಗೆ ಬಂದು ನಿಲ್ಲುವುದು ಟ್ರ್ಯಾಕ್ಟರಿನ ಅದೇ ಪೈಪಿನ ಬುಡದಲ್ಲಿ. ಟರ್ಬೊಗೆ ಎಣ್ಣೆ ಕೊಡುವುದು ಸುಲಭ. ಕೊಟ್ಟ ಎಣ್ಣೆಯನ್ನು ವಾಪಸು ತರುವುದರಲ್ಲಿದೆ ಎಲ್ಲ ಫಜೀತಿ.

ಎಂಜಿನ್ನಿಂದ ಹೊರಬೀಳುವ ಬಿಸಿ ಹೊಗೆ ಒಂದು ಚಕ್ರವನ್ನು ತಿರುಗಿಸುತ್ತದೆ, ಅದೇ ಶಾಫ್ಟಿನ ಇನ್ನೊಂದು ತುದಿಯ ಚಕ್ರ ಗಾಳಿಯನ್ನು ಒತ್ತಿ ಸಿಲಿಂಡರಿಗೆ ತುಂಬುತ್ತದೆ. ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಖಿ 1905ರಲ್ಲಿ ಪೇಟೆಂಟ್ ಪಡೆದ ಈ ಉಪಾಯದ ಮೂಲರೂಪ ಇಂದಿಗೂ ಬದಲಾಗಿಲ್ಲ. ಬದಲಾಗಿರುವುದು ವೇಗ. ಕಾರು, ಟ್ರ್ಯಾಕ್ಟರುಗಳಲ್ಲಿ ಬಳಸುವ ಸಣ್ಣ ಟರ್ಬೊಗಳು ನಿಮಿಷಕ್ಕೆ ಒಂದರಿಂದ ಎರಡು ಲಕ್ಷ ಸುತ್ತು ತಿರುಗುತ್ತವೆ. ಪುಟ್ಟ ಪೆಟ್ರೋಲ್ ಎಂಜಿನ್ನುಗಳದ್ದು ಅದಕ್ಕೂ ಹೆಚ್ಚು. ಟ್ರ್ಯಾಕ್ಟರಿನ ಎಂಜಿನ್ ಅದೇ ಹೊತ್ತಿಗೆ ಎರಡು ಸಾವಿರದ ಆಸುಪಾಸಿನಲ್ಲಿರುತ್ತದೆ. ಶಾಫ್ಟಿನ ಒಂದು ಬದಿ ಡೀಸೆಲ್ಲಿನಲ್ಲಿ 700–800 ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಪೆಟ್ರೋಲಿನಲ್ಲಿ 950 ಡಿಗ್ರಿ ಮೀರಬಹುದು. ಇನ್ನೊಂದು ಬದಿಯಲ್ಲಿ ಹೊರಗಿನ ಗಾಳಿ. ನಡುವೆ ಅಂಗೈ ಅಗಲದ ಜಾಗ.

ಇಂಥ ಶಾಫ್ಟನ್ನು ಹಿಡಿದಿಡುವುದು ಲೋಹವಲ್ಲ, ಎಣ್ಣೆ. ಹೆಚ್ಚಿನ ಟರ್ಬೊಗಳಲ್ಲಿ ಶಾಫ್ಟು ಹಿತ್ತಾಳೆಯಂಥ ಬುಷ್‌ನೊಳಗೆ, ಬುಷ್ ಮತ್ತೆ ಎಣ್ಣೆಯ ಪದರದೊಳಗೆ ತೇಲುತ್ತಿರುತ್ತದೆ. ಪದರದ ದಪ್ಪ ಮಿಲಿಮೀಟರಿನ ನೂರನೇ ಒಂದೆರಡು ಭಾಗ. ಎಣ್ಣೆ ಇಲ್ಲಿ ಜಾರಿಸುವ ಕೆಲಸವೊಂದನ್ನೇ ಮಾಡುವುದಿಲ್ಲ, ಬಿಸಿಯನ್ನೂ ಹೊತ್ತೊಯ್ಯುತ್ತದೆ, ಶಾಫ್ಟಿನ ನಡುಕವನ್ನೂ ನುಂಗುತ್ತದೆ. ಆದ್ದರಿಂದ ತೊಟ್ಟಿಕ್ಕಿದರೆ ಸಾಲದು, ಹರಿಯುತ್ತಲೇ ಇರಬೇಕು. ಬುಷ್ ಇರುವ ಟರ್ಬೊ ನಿಮಿಷಕ್ಕೆ ಲೀಟರುಗಟ್ಟಲೆ ಎಣ್ಣೆ ಕೇಳುತ್ತದೆ. ಬಾಲ್ ಬೇರಿಂಗ್ ಇರುವುದಕ್ಕೆ ಅದರಲ್ಲಿ ಒಂದು ಪಾಲು ಸಾಕು, ಎಷ್ಟೆಂದರೆ ಎಣ್ಣೆ ಬರುವ ದಾರಿಗೆ ಸುಮಾರು ಒಂದು ಮಿಲಿಮೀಟರಿನ ತೂತಿರುವ ಅಡೆ ಹಾಕಿ ಕಡಿಮೆ ಮಾಡುತ್ತಾರೆ.

ಒಳಹೋಗುವಾಗ ಎಣ್ಣೆ ಒತ್ತಡದಲ್ಲಿರುತ್ತದೆ. ಪೆನ್ಸಿಲ್ಲಿಗಿಂತ ಸಪುರ ಪೈಪು ಸಾಕು. ಹೊರಬರುವಾಗ ಅದರಲ್ಲಿ ಒತ್ತಡವೇ ಇಲ್ಲ. ಶಾಫ್ಟು ಕಡೆದು ನೊರೆ ಮಾಡಿದ, ಗಾಳಿ ಮತ್ತು ಹೊಗೆ ಬೆರೆತ, ಬರಿಯ ಭಾರದಿಂದ ಕೆಳಗಿಳಿಯುವ ದ್ರವ ಅದು. ಬಚ್ಚಲ ನಲ್ಲಿಗಿಂತ ಮೋರಿ ದೊಡ್ಡದಿರುವುದು ಯಾಕೋ ವಾಪಸು ಪೈಪು ದಪ್ಪಗಿರುವುದೂ ಅದಕ್ಕೇ. ಅದು ಲಂಬದಿಂದ ಸುಮಾರು 35 ಡಿಗ್ರಿಗಿಂತ ಹೆಚ್ಚು ವಾಲಬಾರದು, ಎಲ್ಲಿಯೂ ಜೋತು ಬೀಳಬಾರದು, ಎಂಜಿನ್ನಿನ ಬುಡದ ಎಣ್ಣೆ ತೊಟ್ಟಿಯಾದ ಸಂಪಿನಲ್ಲಿರುವ ಎಣ್ಣೆಯ ಮಟ್ಟಕ್ಕಿಂತ ಮೇಲೆ ಬಂದು ಸೇರಬೇಕು ಎಂಬುದು ಟರ್ಬೊ ತಯಾರಕರು ಸಾಮಾನ್ಯವಾಗಿ ಕೊಡುವ ಸೂಚನೆ.

ಹಾಗಾಗದಿದ್ದರೆ? ಟರ್ಬೊದಲ್ಲಿ ಎಣ್ಣೆ ತಡೆಯುವ ರಬ್ಬರ್ ಸೀಲ್ ಇರುವುದಿಲ್ಲ. ಆ ಬಿಸಿಗೆ ರಬ್ಬರು ಎಲ್ಲಿ ನಿಲ್ಲಬೇಕು? ಇರುವುದು ಪಿಸ್ಟನ್ ರಿಂಗಿನ ತಮ್ಮನಂತಿರುವ ಪುಟ್ಟ ಲೋಹದ ರಿಂಗು. ಎರಡೂ ಚಕ್ರಗಳ ಬದಿಯ ಗಾಳಿ ಒತ್ತಡ ಒಳಗಿನದಕ್ಕಿಂತ ಹೆಚ್ಚಿರುವ ತನಕವೇ ಅದರ ಕಾವಲು. ವಾಪಸು ದಾರಿ ಕಟ್ಟಿ ಹೊಟ್ಟೆಯಲ್ಲಿ ಎಣ್ಣೆ ನಿಂತಿತೋ, ರಿಂಗಿನ ಸಂದಿಯಿಂದ ಒಂದು ಕಡೆ ಸೈಲೆನ್ಸರಿಗೆ, ಇನ್ನೊಂದು ಕಡೆ ಗಾಳಿಯ ಪೈಪಿಗೆ ಎಣ್ಣೆ ನುಗ್ಗುತ್ತದೆ. ನೀಲಿ ಹೊಗೆ ಏಳುತ್ತದೆ. ‘ಗಾಡಿ ಆಯಿಲ್ ತಿನ್ಲತ್ತದ್ರಿ, ಟರ್ಬೊ ಹೋಗ್ಯಾದ’ ಎಂಬ ತೀರ್ಪು ಗ್ಯಾರೇಜಿನಲ್ಲಿ ಹೊರಬೀಳುತ್ತದೆ. ಹೊಸ ಟರ್ಬೊ ಬರುತ್ತದೆ, ಹಳೆಯ ಪೈಪು ಹಾಗೆಯೇ ಉಳಿಯುತ್ತದೆ, ಹದಿನೈದು ದಿನಕ್ಕೆ ಮತ್ತೆ ಹೊಗೆ. ಸತ್ತದ್ದು ಟರ್ಬೊ ಆಗಿರಲೇ ಇಲ್ಲ.

ಕಲಬುರಗಿ ಸೀಮೆಗೆ ಇದರ ಜೊತೆಗೊಂದು ಸ್ವಂತದ ಕಾರಣವೂ ಇದೆ, ತೊಗರಿ. ರಾಶಿ ಮಾಡುವ ದಿನಗಳಲ್ಲಿ ಯಂತ್ರದ ಸುತ್ತ ಹೊಟ್ಟಿನ ಧೂಳು ಮೋಡದಂತೆ ನಿಂತಿರುತ್ತದೆ. ಅದರೊಳಗೇ ದಿನವಿಡೀ ನಿಂತ ಟ್ರ್ಯಾಕ್ಟರಿನ ಏರ್ ಫಿಲ್ಟರ್ ಸಂಜೆಗೆ ಕಟ್ಟಿರುತ್ತದೆ. ಗಾಳಿ ಎಳೆಯುವ ಚಕ್ರಕ್ಕೆ ಗಾಳಿ ಸಿಗದೆ ಅದರ ಬಾಯಲ್ಲಿ ನಿರ್ವಾತ ಹುಟ್ಟುತ್ತದೆ, ಆ ನಿರ್ವಾತ ಬೇರಿಂಗಿನ ಕಡೆಯಿಂದ ಎಣ್ಣೆಯನ್ನೇ ಎಳೆದುಕೊಳ್ಳುತ್ತದೆ. ಪೈಪು ಬಿಚ್ಚಿ ನೋಡಿದರೆ ಒಳಗೆ ಎಣ್ಣೆಯ ಜಿಡ್ಡು. ನೂರಾರು ರೂಪಾಯಿಯ ಫಿಲ್ಟರಿನ ತಪ್ಪಿಗೆ ಸಾವಿರಾರು ರೂಪಾಯಿಯ ಟರ್ಬೊ ಬದಲಾಗುವುದು ಹೀಗೆ.

ಈಗ ಹಿಮಕ್ಕೆ ಹೋಗೋಣ.

ಮುಂದೆ ಎರಡು ಹಿಮಹಲಗೆ, ಹಿಂದೆ ರಬ್ಬರಿನ ಅಗಲವಾದ ಪಟ್ಟಿ, ನಡುವೆ ಮೋಟಾರ್‌ಸೈಕಲ್ಲಿನಂತೆ ಕೂರುವ ಸೀಟು. ಸ್ನೋಮೊಬೈಲ್ ಅಂದರೆ ಇಷ್ಟು. ಕೆನಡಾದ ಕ್ಯುಬೆಕ್ ಪ್ರಾಂತ್ಯದ ವಾಲ್‌ಕೋರ್ ಊರಿನ ಜೋಸೆಫ್ ಅರ್ಮಾಂ ಬೊಂಬಾರ್ಡಿಯೆ 1959ರಲ್ಲಿ ‘ಸ್ಕೀ-ಡೂ’ ಹೆಸರಿನಲ್ಲಿ ಮಾರಲು ಶುರುಮಾಡಿದ ಮೇಲೆ ಅದು ಜನರ ಗಾಡಿಯಾಯಿತು. ಅಮೆರಿಕದ ಮಿನ್ನೆಸೋಟಾದ ಪೋಲಾರಿಸ್, ಆರ್ಕ್ಟಿಕ್ ಕ್ಯಾಟ್ ಕಂಪನಿಗಳು ಹುಟ್ಟಿದ್ದೂ ಸರಿಸುಮಾರು ಅದೇ ಕಾಲದಲ್ಲಿ. ನಮ್ಮವರು ಇದನ್ನು ನೋಡಿರುವುದು ಹೆಚ್ಚಾಗಿ ಗುಲ್ಮಾರ್ಗ್‌ನಲ್ಲಿ, ಬಾಡಿಗೆಗೆ ಒಂದು ಸುತ್ತು ಹೊಡೆಯಲು. ಸೇನೆ ಸಿಯಾಚಿನ್ ಹಿಮನದಿಯಲ್ಲಿ ಸ್ನೋ ಸ್ಕೂಟರ್ ಹೆಸರಿನಲ್ಲಿ ಬಳಸುವುದೂ ಇದನ್ನೇ. ಸಿಯಾಚಿನ್ ಎಂದಾಗ ಕನ್ನಡಿಗರಿಗೆ ನೆನಪಾಗುವುದು ಧಾರವಾಡ ಜಿಲ್ಲೆಯ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ. 2016ರ ಫೆಬ್ರವರಿಯಲ್ಲಿ ಹಿಮಪಾತಕ್ಕೆ ಸಿಕ್ಕಿದ ಅವರ ಠಾಣೆ ಇದ್ದದ್ದು 19,600 ಅಡಿ ಎತ್ತರದಲ್ಲಿ.

ಎತ್ತರವೇ ಇಲ್ಲಿ ಟರ್ಬೊದ ಕಾರಣ. ಸಮುದ್ರಮಟ್ಟದಿಂದ ಸಾವಿರ ಅಡಿ ಏರಿದಂತೆಲ್ಲ ಸಾಮಾನ್ಯ ಎಂಜಿನ್ ಹತ್ತಿರಹತ್ತಿರ ನೂರಕ್ಕೆ ಮೂರರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಕಲಬುರಗಿಯ ಎತ್ತರ ಒಂದೂವರೆ ಸಾವಿರ ಅಡಿಯ ಸುಮಾರಿನದು, ಇಲ್ಲಿ ಆ ನಷ್ಟ ಲೆಕ್ಕಕ್ಕೆ ಬರುವುದಿಲ್ಲ. ಗುಲ್ಮಾರ್ಗ್‌ನ 2,650 ಮೀಟರಿನಲ್ಲಿ ಕಾಲು ಭಾಗ ಹೋಗಿರುತ್ತದೆ. ಸಿಯಾಚಿನ್‌ನ ಮೇಲಿನ ಠಾಣೆಗಳಲ್ಲಿ ಗಾಳಿಯ ಒತ್ತಡವೇ ಅರ್ಧಕ್ಕಿಂತ ಕಡಿಮೆ. ಕಳೆದುಹೋದ ಗಾಳಿಯನ್ನು ಒತ್ತಿ ತುಂಬುವುದು ಟರ್ಬೊ. 2019ರಲ್ಲಿ ಸ್ಕೀ-ಡೂ ಕಂಪನಿ ಕಾರ್ಖಾನೆಯಲ್ಲಿಯೇ ಟರ್ಬೊ ಕೂರಿಸಿದ ಟೂ-ಸ್ಟ್ರೋಕ್ ಗಾಡಿಯನ್ನು ಹೊರತಂದಾಗ ಹೇಳಿಕೊಂಡದ್ದು ಇದನ್ನೇ: 8,000 ಅಡಿಯ ತನಕ 165 ಅಶ್ವಶಕ್ತಿ ಕುಗ್ಗುವುದಿಲ್ಲ. ಫೋರ್-ಸ್ಟ್ರೋಕ್ ಗಾಡಿಗಳಲ್ಲಿ ಟರ್ಬೊ ಅದಕ್ಕೂ ಹಳೆಯದು. ಆರ್ಕ್ಟಿಕ್ ಕ್ಯಾಟ್ ಸುಜುಕಿಯ 660 ಸಿ.ಸಿ. ಮೂರು ಸಿಲಿಂಡರಿನ ಎಂಜಿನ್ನಿಗೆ ಟರ್ಬೊ ಸೇರಿಸಿ 2000ದ ದಶಕದ ಮೊದಲರ್ಧದಲ್ಲೇ ಮಾರಿತ್ತು.

ಕಾರ್ಖಾನೆಯಿಂದ ಬಂದದ್ದರ ಚಿಂತೆ ಕಾರ್ಖಾನೆಯವರದು. ಮನೆಯ ಶೆಡ್ಡಿನಲ್ಲಿ ಸ್ವಂತ ಕೈಯಿಂದ ಟರ್ಬೊ ಕೂರಿಸುವವರು ಕೆನಡಾ, ಅಮೆರಿಕ, ಸ್ಕ್ಯಾಂಡಿನೇವಿಯಾದಲ್ಲಿ ದಂಡಿಯಾಗಿದ್ದಾರೆ. ಪಂಪಿನ ಪ್ರಶ್ನೆ ಎದುರಾಗುವುದು ಅವರಿಗೆ. ಟ್ರ್ಯಾಕ್ಟರಿನಲ್ಲಿ ಟರ್ಬೊ ಎಂಜಿನ್ನಿನ ಮೇಲ್ಭಾಗದಲ್ಲಿದೆ, ಸಂಪು ಕೆಳಗಿದೆ, ಎಣ್ಣೆ ತಾನಾಗಿ ಇಳಿಯುತ್ತದೆ. ಸ್ನೋಮೊಬೈಲಿನ ಮೂತಿಯಲ್ಲಿ ಅಂಥ ಅಂತಸ್ತಿಲ್ಲ. ಎಂಜಿನ್ ತೀರ ಕೆಳಗೆ, ಹೊಗೆಯ ಪೈಪು ಅದರ ಮುಂದೆ, ಅದರ ಪಕ್ಕ ಸಿಕ್ಕಿದ ಸಂದಿಯಲ್ಲಿ ಟರ್ಬೊ. ಅದರ ಹೊಟ್ಟೆ ಎಷ್ಟೋ ಸಲ ಎಂಜಿನ್ನಿನ ಎಣ್ಣೆ ಮಟ್ಟಕ್ಕಿಂತ ಕೆಳಗಿರುತ್ತದೆ. ಸಾಲದ್ದಕ್ಕೆ ಗಾಡಿ ಬೆಟ್ಟದ ಮೈಗೆ ಅಡ್ಡ ವಾಲಿ ಓಡುತ್ತದೆ, ಮೂತಿ ಎತ್ತಿ ಏರುತ್ತದೆ, ಕೆಲವೊಮ್ಮೆ ಮಗುಚಿ ಬೀಳುತ್ತದೆ. ಭಾರದಿಂದ ಇಳಿಯಲು ಎಣ್ಣೆಗೆ ಕೆಳಗೆ ಎಂಬ ದಿಕ್ಕೇ ನಿಂತಲ್ಲಿ ನಿಲ್ಲುವುದಿಲ್ಲ. ಹಾಗಾಗಿ ಎಣ್ಣೆಯನ್ನು ಹೀರಿ ಮೇಲೆತ್ತುವ ಇನ್ನೊಂದು ಪಂಪು ಬೇಕು. ಸ್ಕ್ಯಾವೆಂಜ್ ಪಂಪ್ ಎಂದು ಅದರ ಹೆಸರು. ಟರ್ಬೊ ಸ್ನೋಮೊಬೈಲಿಗೆ ‘ಆಯಿಲ್ ಪಂಪ್ ಆರಿಸುವುದು’ ಎಂದರೆ ಮುಕ್ಕಾಲು ಪಾಲು ಇದನ್ನು ಆರಿಸುವುದೇ.

ಟೂ-ಸ್ಟ್ರೋಕ್ ಎಂಜಿನ್ನಿನ ಕತೆ ಇನ್ನೂ ಬಿಗಿ. ಅದರಲ್ಲಿ ಸಂಪೇ ಇಲ್ಲ.

ಟೂ-ಸ್ಟ್ರೋಕ್ ಅಂದರೇನು ಎಂದು ಕರ್ನಾಟಕದವರಿಗೆ ಯಾರೂ ಹೇಳಿಕೊಡಬೇಕಿಲ್ಲ. 1961ರಲ್ಲಿ ಮೈಸೂರಿನಲ್ಲಿ ಶುರುವಾದ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕುವ ತನಕ ಜಾವಾ, ಯೆಜ್ಡಿಗಳನ್ನು ನಾಡಿನ ತುಂಬ ಓಡಿಸಿತು. ಪೆಟ್ರೋಲ್ ಬಂಕಿನಲ್ಲಿ ಅಳತೆಯ ಡಬ್ಬಿಯಿಂದ ಎಣ್ಣೆ ಬೆರೆಸಿ ಹಾಕಿಸಿಕೊಂಡ ನೆನಪು ಐವತ್ತು ದಾಟಿದವರಿಗೆಲ್ಲ ಇರುತ್ತದೆ. ಬೆರೆಸುವ ಗೋಜೇ ಬೇಡವೆಂದು ಅದೇ ಮೈಸೂರಿನ ಕಾರ್ಖಾನೆ ಬೇರೆ ಎಣ್ಣೆ ಡಬ್ಬಿ, ಅದಕ್ಕೊಂದು ಪಂಪು ಇದ್ದ ಮಾದರಿಯೊಂದನ್ನೂ ತಂದಿತ್ತು. ಅದರ ಹೆಸರು ಯೆಜ್ಡಿ ಆಯಿಲ್ ಕಿಂಗ್. ಎಣ್ಣೆ ಪಂಪಿನಿಂದಲೇ ಹೆಸರು ಪಡೆದ ಮೋಟಾರ್‌ಸೈಕಲ್ ಅದು. ಮುಂದೆ 1985ರಲ್ಲಿ ಬಂದ ಯಮಹಾ ಆರ್‌ಎಕ್ಸ್ 100ರಲ್ಲಿ ಅಂಥದೇ ಏರ್ಪಾಡಿತ್ತು. ಎಷ್ಟೋ ಸವಾರರು ಆ ಪಂಪನ್ನು ನಂಬದೆ ಕಿತ್ತುಹಾಕಿ ಮತ್ತೆ ಟ್ಯಾಂಕಿಗೇ ಎಣ್ಣೆ ಸುರಿಯತೊಡಗಿದ್ದು ಬೇರೆ ಮಾತು. ಪಂಪು ಕೈಕೊಟ್ಟದ್ದು ತಿಳಿಯುವುದು ಪಿಸ್ಟನ್ ಸೀಜ್ ಆದ ಮೇಲೆ. ಅವರ ಅನುಮಾನ ಪೂರ್ತಿ ಅನ್ಯಾಯದ್ದೇನೂ ಅಲ್ಲ.

ಆ ಪಂಪಿನ ಕೆಲಸ ಅಳತೆ ಹಾಕಿ ಹನಿಸುವುದು. ಗಂಟೆಗೆ 20 ಲೀಟರ್ ಪೆಟ್ರೋಲ್ ಕುಡಿಯುವ ಸ್ನೋಮೊಬೈಲಿಗೆ ನಲವತ್ತಕ್ಕೊಂದರ ಲೆಕ್ಕದಲ್ಲಿ ಬೇಕಾಗುವ ಎಣ್ಣೆ ಗಂಟೆಗೆ ಅರ್ಧ ಲೀಟರ್. ಬುಷ್ ಇರುವ ಟರ್ಬೊ ಕೇಳುವುದು ನಿಮಿಷಕ್ಕೆ ಲೀಟರುಗಳ ಲೆಕ್ಕದಲ್ಲಿ. ಹನಿಸುವ ಪಂಪಿಗೆ ದೊಡ್ಡ ಪೈಪು ಜೋಡಿಸಿದರೆ ಈ ಅಂತರ ತುಂಬುವುದಿಲ್ಲ. ಹಾಗಾಗಿ ಟೂ-ಸ್ಟ್ರೋಕ್ ಗಾಡಿಗೆ ಎರಡೇ ದಾರಿ. ಟರ್ಬೊಗೇ ಮೀಸಲಾದ ಒಂದೆರಡು ಲೀಟರಿನ ತೊಟ್ಟಿ, ಕೂಲರ್, ಎಣ್ಣೆ ಕಳಿಸಲೊಂದು ಪಂಪು, ಮರಳಿಸಲೊಂದು ಪಂಪು ಎಂದು ಪೂರ್ತಿ ಬೇರೆ ಸಂಸಾರ ಹೂಡುವುದು ಒಂದು. ಇನ್ನೊಂದು, ಬಹಳ ಕಡಿಮೆ ಎಣ್ಣೆಯಲ್ಲಿ ಬದುಕಬಲ್ಲ ಬಾಲ್ ಬೇರಿಂಗ್ ಟರ್ಬೊ ಹುಡುಕಿ, ಎಂಜಿನ್ನಿನ ಟೂ-ಸ್ಟ್ರೋಕ್ ಎಣ್ಣೆಯನ್ನೇ ಎಲೆಕ್ಟ್ರಾನಿಕ್ ಪಂಪಿನಿಂದ ಅದಕ್ಕೂ ಅಳೆದು ಕೊಡುವುದು. ಸ್ಕೀ-ಡೂ, ಪೋಲಾರಿಸ್‌ಗಳ ಟರ್ಬೊ ಗಾಡಿಗಳಲ್ಲಿ ಟರ್ಬೊಗೂ ಎಂಜಿನ್ನಿಗೂ ಎಣ್ಣೆ ಒಂದೇ. ಸವಾರ ಎರಡು ಡಬ್ಬಿ ಹೊತ್ತು ತಿರುಗಬೇಕಿಲ್ಲ. ಮನೆಯಲ್ಲಿ ಕೂರಿಸುವವರಿಗೆ ಮೊದಲ ದಾರಿ ಕಷ್ಟವೆನಿಸಿದರೂ ಅದೇ ಸುರಕ್ಷಿತ. ಎರಡನೆಯದಕ್ಕೆ ಬೇಕಾಗುವ ಅಳತೆಯ ನಿಖರತೆ ಶೆಡ್ಡಿನಲ್ಲಿ ಸಿಗುವಂಥದ್ದಲ್ಲ.

ಹೀರುವ ಪಂಪು ಎಷ್ಟು ದೊಡ್ಡದಿರಬೇಕು? ಇದಕ್ಕೆ ಉತ್ತರ ಹಳೆಯ ಬುಲೆಟ್‌ನ ಎಂಜಿನ್ನಿನಲ್ಲಿದೆ. 1955ರಿಂದ ಮದ್ರಾಸಿನಲ್ಲಿ ತಯಾರಾಗುತ್ತ ಬಂದ, ಆಳಂದ–ಅಫಜಲಪುರದ ಯಜಮಾನರ ಅಂಗಳದಲ್ಲೂ ನಿಂತಿದ್ದ ಆ ಫಟ್‌ಫಟಿಯ ಎಣ್ಣೆ ಸಂಪಿನಲ್ಲಿ ನಿಲ್ಲುವುದಿಲ್ಲ, ಎಂಜಿನ್ನಿಗೇ ಅಂಟಿದ ಬೇರೆ ಕೋಣೆಯಲ್ಲಿರುತ್ತದೆ. ಅಲ್ಲಿಂದ ಬೇರಿಂಗಿಗೆ ಕಳಿಸಲು ಒಂದು ಪಂಪು, ಕೆಳಗೆ ಬಿದ್ದದ್ದನ್ನು ಎತ್ತಿ ಮರಳಿಸಲು ಇನ್ನೊಂದು. ಬಿಚ್ಚಿದರೆ ಕಣ್ಣಿಗೇ ಕಾಣುತ್ತದೆ: ಮರಳಿಸುವ ಪಂಪಿನ ಪ್ಲಂಜರ್ ಕಳಿಸುವುದಕ್ಕಿಂತ ದಪ್ಪ. ಕಳಿಸುವ ಪಂಪು ಶುದ್ಧ ಎಣ್ಣೆ ಎತ್ತುತ್ತದೆ, ಮರಳಿಸುವುದು ಎತ್ತುವುದು ಎಣ್ಣೆ ಮತ್ತು ಗಾಳಿಯ ನೊರೆ. ಒಂದು ಲೀಟರ್ ಎಣ್ಣೆ ನೊರೆಯಾಗಿ ಎರಡು ಲೀಟರಿನ ಜಾಗ ಹಿಡಿದರೆ ಪಂಪಿಗೂ ಅಷ್ಟೇ ಗಾತ್ರ ಬೇಕು.

ವಿಮಾನದ ಎಂಜಿನ್ನುಗಳಲ್ಲಂತೂ ಇದು ಕಟ್ಟುನಿಟ್ಟು. 1959ರಲ್ಲಿ ಕಾನ್ಪುರದಲ್ಲಿ ಹುಟ್ಟಿ ಎರಡು ವರ್ಷಕ್ಕೆ ಬೆಂಗಳೂರಿಗೆ ಬಂದ ಗ್ಯಾಸ್ ಟರ್ಬೈನ್ ಸಂಶೋಧನಾ ಸಂಸ್ಥೆ ರೂಪಿಸಿದ ಕಾವೇರಿಯಂಥ ಜೆಟ್ ಎಂಜಿನ್ನುಗಳಲ್ಲಿ ಎಣ್ಣೆಯನ್ನು ಕಳಿಸುವುದು ಒಂದು ಪಂಪು, ಒಂದೊಂದು ಬೇರಿಂಗ್ ಕೋಣೆಯಿಂದ ಹೀರಿ ತರುವವು ಹಲವು. ವಿಮಾನ ತಲೆಕೆಳಗಾದಾಗಲೂ ಎಣ್ಣೆ ಬರಬೇಕಲ್ಲ. ಸ್ನೋಮೊಬೈಲಿಗೂ ಇದೇ ಪಾಠ: ಒಳಹೋಗುವ ಎಣ್ಣೆಯ ಎರಡು ಪಟ್ಟಾದರೂ ಹೀರುವ ತಾಕತ್ತು ಮರಳಿಸುವ ಪಂಪಿಗಿರಬೇಕು. ಹೆಚ್ಚಾದರೆ ಅದು ಗಾಳಿ ಹೀರುತ್ತದೆ, ನಷ್ಟವಿಲ್ಲ. ಕಡಿಮೆಯಾದರೆ ನೀಲಿ ಹೊಗೆ.

ಬುಲೆಟ್‌ನಲ್ಲಿ ಇನ್ನೊಂದು ಗುಣವೂ ಇದೆ, ಗುಣ ಅನ್ನುವುದಕ್ಕಿಂತ ಚಾಳಿ. ತಿಂಗಳುಗಟ್ಟಲೆ ನಿಲ್ಲಿಸಿಟ್ಟರೆ ಎಣ್ಣೆ ಪಂಪಿನ ಸಂದಿಯಿಂದ ಮೆಲ್ಲಗೆ ಜಾರಿ ಕೆಳಗಿನ ಕ್ರ್ಯಾಂಕ್ ಕೋಣೆಯಲ್ಲಿ ತುಂಬಿಕೊಳ್ಳುತ್ತದೆ. ಮೊದಲ ಕಿಕ್ಕಿಗೆ ಹೊಗೆಯೋ ಹೊಗೆ. ಟರ್ಬೊಗಿಂತ ಎತ್ತರದಲ್ಲಿ ಎಣ್ಣೆ ತೊಟ್ಟಿ ಇಟ್ಟ ಸ್ನೋಮೊಬೈಲಿನಲ್ಲಿ ಇದು ಒಂದೇ ರಾತ್ರಿಯಲ್ಲಿ ನಡೆಯುತ್ತದೆ. ಕಳಿಸುವ ಪಂಪಿನಿಂದ ಟರ್ಬೊಗೆ ಹೋಗುವ ಪೈಪಿಗೆ, ಒತ್ತಡ ಬಂದಾಗ ಮಾತ್ರ ತೆರೆಯುವ ಸ್ಪ್ರಿಂಗ್ ವಾಲ್ವ್ ಹಾಕಲೇಬೇಕು. ಪಂಪಿಗೆ ದುಡ್ಡು ಸುರಿದು ಈ ಸಣ್ಣ ವಾಲ್ವ್ ಮರೆಯುವವರೇ ಹೆಚ್ಚು.

ಪಂಪಿನ ಜಾತಿಗೆ ಬರೋಣ. ಅಂಗಡಿಯಲ್ಲಿ ಮುಖ್ಯವಾಗಿ ಮೂರು ಬಗೆ ಸಿಗುತ್ತವೆ. ಹಲ್ಲಿನ ಎರಡು ಗಾಲಿ ಒಂದಕ್ಕೊಂದು ಕಚ್ಚಿ ತಿರುಗುವ ಗೇರ್ ಪಂಪ್. ಒಳಗಾಲಿ, ಅದಕ್ಕಿಂತ ಒಂದು ಹಲ್ಲು ಹೆಚ್ಚಿರುವ ಹೊರಗಾಲಿ ಒಟ್ಟಿಗೆ ತಿರುಗುವ ಜೆರೊಟರ್. ಬಹುಪಾಲು ಕಾರು, ಬೈಕುಗಳ ಎಂಜಿನ್ನಿನೊಳಗೆ ಇರುವುದು ಇದೇ. ಮೂರನೆಯದು ರಬ್ಬರಿನ ಪರದೆ ಉಬ್ಬಿ ತಗ್ಗುವ ಡಯಾಫ್ರಂ ಪಂಪ್, ಹೊಲಕ್ಕೆ ಔಷಧಿ ಹೊಡೆಯುವ ಬ್ಯಾಟರಿ ಸ್ಪ್ರೇಯರಿನಲ್ಲಿ ಇರುವಂಥದ್ದು. ಬೆಲೆ ಕಡಿಮೆ, ಒಣಗಿ ಓಡಿದರೂ ಕೆಡುವುದಿಲ್ಲ, ಗಾಳಿಯನ್ನೂ ಚೆನ್ನಾಗಿ ಎಳೆಯುತ್ತದೆ. ಓದಿದರೆ ಇದೇ ಸರಿ ಅನ್ನಿಸುತ್ತದೆ.

ಕಾಡುವುದು ರಬ್ಬರು. ಟರ್ಬೊದಿಂದ ಇಳಿಯುವ ಎಣ್ಣೆ ನೂರು ಡಿಗ್ರಿಯನ್ನು ಸುಲಭವಾಗಿ ದಾಟುತ್ತದೆ. ಸಾಮಾನ್ಯ ನೈಟ್ರೈಲ್ ರಬ್ಬರು ಆ ಬಿಸಿಯಲ್ಲಿ ಬಹಳ ದಿನ ಬಾಳದು, ಗಟ್ಟಿಯಾಗಿ ಸೀಳುತ್ತದೆ. 200 ಡಿಗ್ರಿ ತಡೆಯುವ ವಿಟಾನ್ ಇದೆ. ಆದರೆ ಸಾಧಾರಣ ವಿಟಾನ್ ಸೊನ್ನೆಯ ಕೆಳಗೆ 20 ಡಿಗ್ರಿ ಬರುವಷ್ಟರಲ್ಲಿ ಬಗ್ಗುವುದನ್ನೇ ಬಿಡುತ್ತದೆ. ಬೆಳಿಗ್ಗೆ ಮೈನಸ್ 30, ಹತ್ತು ನಿಮಿಷದ ಮೇಲೆ ಪ್ಲಸ್ 110. ಎರಡೂ ತುದಿಗೆ ಒಗ್ಗುವ ಪರದೆ ಸಿಗುವುದು ಕಷ್ಟ. ಬೇಸಿಗೆಯ ಕಾರಿಗೆ ಡಯಾಫ್ರಂ ನಡೆದೀತು, ಹಿಮದ ಗಾಡಿಗೆ ಬೇಡ ಎನ್ನುವುದೇ ಸರಿ. ಉಳಿಯುವುದು ಲೋಹದ ಗೇರ್ ಅಥವಾ ಜೆರೊಟರ್. ಇವಕ್ಕೆ ಮಸಿಯ ಕಾಳು ಆಗಿಬರದು. ಟರ್ಬೊದಲ್ಲಿ ಸುಟ್ಟ ಎಣ್ಣೆಯ ಚೂರೊಂದು ಹಲ್ಲಿನ ನಡುವೆ ಸಿಕ್ಕಿದರೆ ಪಂಪು ಅಲ್ಲಿಯೇ ಕಚ್ಚಿಕೊಳ್ಳುತ್ತದೆ. ಆದ್ದರಿಂದ ಪಂಪಿನ ಬಾಯಿಗೆ ದೊಡ್ಡ ಕಣ್ಣಿನ ಜಾಳಿಗೆ ಹಾಕಬೇಕು. ಸಣ್ಣ ಕಣ್ಣಿನದ್ದು ಹಾಕಿದರೆ ತಣ್ಣನೆಯ ಎಣ್ಣೆ ಅದನ್ನು ದಾಟುವುದೇ ಇಲ್ಲ.

ತಣ್ಣನೆಯ ಎಣ್ಣೆ ಎಂದರೆ ಎಷ್ಟು ಮಂದ? ಡಬ್ಬಿಯ ಮೇಲಿನ 15ಡಬ್ಲ್ಯು-40, 0ಡಬ್ಲ್ಯು-40 ಎಂಬ ಅಂಕೆಗಳು ಎಸ್‌ಎಇ ಜೆ300 ಎಂಬ ಮಾನಕದಿಂದ ಬಂದವು. ನಮ್ಮ ಟ್ರ್ಯಾಕ್ಟರಿಗೆ ಹಾಕುವ 15ಡಬ್ಲ್ಯು ಎಣ್ಣೆ ಮೈನಸ್ 25 ಡಿಗ್ರಿಯಲ್ಲಿ 60,000 ಸೆಂಟಿಪಾಯ್ಸ್ (ಮಂದತೆಯ ಅಳತೆ) ಮೀರಬಾರದು ಎನ್ನುತ್ತದೆ ಮಾನಕ. 0ಡಬ್ಲ್ಯು ಎಣ್ಣೆ ಅದೇ ಮಿತಿಯನ್ನು ಮೈನಸ್ 40ರಲ್ಲಿ ಪಾಲಿಸಬೇಕು. ನೂರು ಡಿಗ್ರಿಯಲ್ಲಿ ಈ ಎಣ್ಣೆಗಳು ಸುಮಾರು 12 ಸೆಂಟಿಪಾಯ್ಸ್ ಇರುತ್ತವೆ. ಅಂದರೆ ಮಿತಿಯ ಹತ್ತಿರದ ಚಳಿಯಲ್ಲಿ ಎಣ್ಣೆ ಐದು ಸಾವಿರ ಪಟ್ಟು ಮಂದ. ಒತ್ತಿ ಕಳಿಸುವ ಪಂಪು ಇಂಥದ್ದನ್ನೂ ಹೇಗೋ ತಳ್ಳುತ್ತದೆ. ಹೀರುವ ಪಂಪಿಗೆ ಆ ಭಾಗ್ಯವಿಲ್ಲ, ಅದರ ಹಿಂದಿರುವುದು ಒಂದು ವಾಯುಮಂಡಲದ ಒತ್ತಡ ಮಾತ್ರ. 12,000 ಅಡಿಯಲ್ಲಾದರೆ ಅದೂ ಮೂರನೇ ಎರಡು ಭಾಗಕ್ಕಿಂತ ಕಡಿಮೆ. ಪಂಪನ್ನು ಟರ್ಬೊಗಿಂತ ಕೆಳಗೆ, ಆದಷ್ಟು ಹತ್ತಿರ ಇಡುವುದು, ನಡುವಿನ ಪೈಪನ್ನು ದಪ್ಪ ಮಾಡುವುದು, ಟರ್ಬೊದ ಬುಡದಲ್ಲಿ ಎಣ್ಣೆ ನಿಲ್ಲಲು ಮುಷ್ಟಿಗಾತ್ರದ ಗುಂಡಿ ಕೊಡುವುದು ಇದಕ್ಕೇ.

ವಿದ್ಯುತ್ತಿನ ಲೆಕ್ಕವೂ ಇದೆ. 12 ವೋಲ್ಟಿನಲ್ಲಿ 5 ಆಂಪಿಯರ್ ಎಳೆಯುವ ಪಂಪಿಗೆ 60 ವಾಟ್ ಬೇಕು. ಬೆಟ್ಟದ ಸ್ನೋಮೊಬೈಲುಗಳಲ್ಲಿ ಭಾರ ಉಳಿಸಲು ಬ್ಯಾಟರಿಯನ್ನೇ ಬಿಟ್ಟು ಹಗ್ಗ ಎಳೆದು ಶುರುಮಾಡುವವು ಬಹಳ. ಎಂಜಿನ್ ತಿರುಗಿದ ಮೇಲೆಯೇ ಕರೆಂಟು. ಹಿಡಿ ಬಿಸಿಮಾಡುವ ತಂತಿ, ದೀಪ, ಇಂಧನ ಪಂಪು ಎಲ್ಲ ಆ ಕರೆಂಟು ಹುಟ್ಟಿಸುವ ಸ್ಟೇಟರಿನ ಮೇಲೆಯೇ ಬದುಕುತ್ತವೆ. ಚಳಿಯಲ್ಲಿ ಮಂದ ಎಣ್ಣೆ ಎಳೆಯುವಾಗ ಮೋಟಾರು ಡಬ್ಬಿಯ ಮೇಲೆ ಬರೆದದ್ದಕ್ಕಿಂತ ಹೆಚ್ಚು ಕರೆಂಟು ತಿನ್ನುತ್ತದೆ. ಫ್ಯೂಸು ಹಾರುವುದು ಆಗಲೇ. ಫ್ಯೂಸು ಹಾರಿದ್ದು ಸವಾರನಿಗೆ ಗೊತ್ತಾಗದೆ, ಎಂಜಿನ್ನಿನ ಪಂಪು ಎಣ್ಣೆ ಕಳಿಸುತ್ತಲೇ ಇದ್ದರೆ, ಸಂಪಿನ ಎಣ್ಣೆಯೆಲ್ಲ ಸೈಲೆನ್ಸರಿನಿಂದ ಹಿಮದ ಮೇಲೆ ಹೋಗಿ ಕೊನೆಗೆ ಎಂಜಿನ್ನೇ ಹೋಗುತ್ತದೆ. ಆದ್ದರಿಂದ ಫೋರ್-ಸ್ಟ್ರೋಕ್ ಗಾಡಿಯಲ್ಲಿ ಎಂಜಿನ್ನಿನ ಶಾಫ್ಟಿನಿಂದಲೇ ತಿರುಗುವ ಪಂಪಿಗೆ ಜಾಗವಿದ್ದರೆ ಬೇರೆ ಯೋಚನೆ ಬೇಡ. ಎಂಜಿನ್ ತಿರುಗಿದರೆ ಅದು ತಿರುಗುತ್ತದೆ, ವೇಗಕ್ಕೆ ತಕ್ಕಂತೆ ಹೀರುತ್ತದೆ. ಜಾಗವಿಲ್ಲದಿದ್ದರೆ ವಿದ್ಯುತ್ತಿನ ಜೆರೊಟರ್. ಜೊತೆಗೆ ಪಂಪಿನ ಮುಂದಿನ ಪೈಪಿನಲ್ಲಿ ಒತ್ತಡ ತಿಳಿಸುವ ಸ್ವಿಚ್, ಸವಾರನ ಕಣ್ಣೆದುರು ಒಂದು ಕೆಂಪು ದೀಪ. ಬ್ಯಾಟರಿ ಇದ್ದರೆ ಎಂಜಿನ್ ಆರಿದ ಮೇಲೂ ಒಂದು ನಿಮಿಷ ಪಂಪು ಓಡುವಂತೆ ರಿಲೇ.

ನಿಂಬರ್ಗಾದ ಟ್ರ್ಯಾಕ್ಟರಿಗೆ ಇದರಲ್ಲಿ ಪಂಪು ಬೇಕಿಲ್ಲ, ಉಳಿದದ್ದೆಲ್ಲ ಬೇಕು. 2023ರ ಜನವರಿಯಿಂದ 50 ಅಶ್ವಶಕ್ತಿ ಮೀರಿದ ಹೊಸ ಟ್ರ್ಯಾಕ್ಟರುಗಳಿಗೆ ಟ್ರೆಮ್-4 ಹೊಗೆ ನಿಯಮ ಬಂದ ಮೇಲೆ ಭಾರೀ ಒತ್ತಡದಲ್ಲಿ ಡೀಸೆಲ್ ಚಿಮ್ಮಿಸುವ ಕಾಮನ್ ರೈಲ್, ಟರ್ಬೊ ಇರುವ ಎಂಜಿನ್ನುಗಳು ಊರೂರಿಗೆ ಬಂದಿವೆ. ಬೋರ್‌ವೆಲ್ ಕೊರೆಯಲು ತಮಿಳುನಾಡಿನ ತಿರುಚೆಂಗೋಡಿನಿಂದ ಬರುವ ಲಾರಿಗಳ ದೊಡ್ಡ ಕಂಪ್ರೆಸರಿಗೆ ಉಸಿರು ಕೊಡುವುದೂ ಟರ್ಬೊ ಎಂಜಿನ್ನೇ. ಇಲ್ಲಿಯ ಶತ್ರು ಚಳಿಯಲ್ಲ, ಮೇ ತಿಂಗಳ 43–44 ಡಿಗ್ರಿ ಬಿಸಿಲು, ಮತ್ತು ಅವಸರ. ಹೇರು ಎಳೆದು ಏರು ಹತ್ತಿ ಬಂದು ಕಾರ್ಖಾನೆಯ ಅಂಗಳದ ಸಾಲಿನಲ್ಲಿ ನಿಂತ ಕೂಡಲೇ ಚಾಲಕ ಕೀ ತಿರುವುತ್ತಾನೆ. ಎಂಜಿನ್ನಿನ ಪಂಪು ನಿಲ್ಲುತ್ತದೆ, ಟರ್ಬೊ ಇನ್ನೂ ತಿರುಗುತ್ತಿರುತ್ತದೆ. ಒಳಗೆ ಉಳಿದ ಎಣ್ಣೆ ಕೆಂಡದಂಥ ಲೋಹಕ್ಕೆ ತಾಗಿ ಕರಿಯಾಗಿ ಹತ್ತಿಕೊಳ್ಳುತ್ತದೆ. ದಿನಕ್ಕೊಂದು ಪದರ. ಡೀಸೆಲ್ ಉಳಿಸಲು ಹೀಗೆ ಮಾಡುತ್ತಾರೆ; ಎರಡು ಮೂರು ನಿಮಿಷ ಸುಮ್ಮನೆ ಓಡಲು ಬಿಟ್ಟರೆ ಖರ್ಚಾಗುವ ಡೀಸೆಲ್ ಒಂದು ಚಹಾದ ಬೆಲೆಯನ್ನೂ ಮುಟ್ಟುವುದಿಲ್ಲ. ಬೆಳಿಗ್ಗೆ ಶುರುಮಾಡಿದ ಗಳಿಗೆಯಲ್ಲೇ ರೇಸ್ ಕೊಡುವ ಚಟವೂ ಇದೇ ಸಾಲಿನದು. ಎಣ್ಣೆ ಟರ್ಬೊ ಮುಟ್ಟಲು ಕೆಲವು ಸೆಕೆಂಡು ಬೇಕು, ಅಷ್ಟರಲ್ಲಿ ಶಾಫ್ಟು ಹತ್ತಾರು ಸಾವಿರ ಸುತ್ತಿನ ವೇಗಕ್ಕೆ ಏರಿರುತ್ತದೆ.

ಎಣ್ಣೆಯ ವಿಷಯದಲ್ಲಿ ಹೆಚ್ಚು ಕೊಟ್ಟರೆ ಒಳ್ಳೆಯದು ಎಂಬ ನಂಬಿಕೆ ಗ್ಯಾರೇಜುಗಳಲ್ಲಿ ಬಲವಾಗಿದೆ. ಸಂಪಿಗೆ ಅಳತೆಗೋಲಿನ ಗೆರೆ ಮೀರಿ ಒಂದು ಲೀಟರ್ ಹೆಚ್ಚು ಹಾಕಿದರೆ ವಾಪಸು ಪೈಪಿನ ಬಾಯಿ ಎಣ್ಣೆಯಲ್ಲಿ ಮುಳುಗುತ್ತದೆ. ಟರ್ಬೊ ಹೊಗೆ ಬಿಡಲು ಅಷ್ಟೇ ಸಾಕು. ಇನ್ನೊಂದು ರೂಢಿ ಸಿಲಿಕೋನ್ ಅಂಟಿನದು. ಟರ್ಬೊ ಕೂರಿಸುವಾಗ ವಾಪಸು ಪೈಪಿನ ಗ್ಯಾಸ್ಕೆಟ್ಟಿಗೆ ಸೋರದಿರಲೆಂದು ಧಾರಾಳವಾಗಿ ಬಳಿಯುತ್ತಾರೆ. ಬಿಗಿಮಾಡಿದಾಗ ಅಂಟು ಒಳಕ್ಕೆ ಉಬ್ಬಿ ದಾರಿಯ ಅರ್ಧ ಮುಚ್ಚುತ್ತದೆ, ಮುಂದೊಂದು ದಿನ ಚೂರು ಕಿತ್ತು ಪೂರ್ತಿ ಮುಚ್ಚುತ್ತದೆ. ಅಲ್ಲಿ ಬರಿಯ ಗ್ಯಾಸ್ಕೆಟ್ ಸಾಕೆಂದು ತಯಾರಕರು ಹೇಳುವುದು ಸುಮ್ಮನೆ ಅಲ್ಲ.

ಹಿಮದ ಗಾಡಿಗಾಗಲಿ ಹೊಲದ ಗಾಡಿಗಾಗಲಿ ಅಳತೆ ಒಂದೇ ರೀತಿಯದು, ಮಿಸ್ತ್ರಿಯೊಬ್ಬ ಅರ್ಧ ತಾಸಿನಲ್ಲಿ ಮಾಡಬಹುದಾದದ್ದು. ವಾಪಸು ಪೈಪನ್ನು ಎಂಜಿನ್ ಕಡೆಯಿಂದ ಬಿಚ್ಚಿ ಗೆರೆ ಹಾಕಿದ ಕ್ಯಾನಿಗೆ ಬಿಡಬೇಕು. ಸಂಪಿನ ಎಣ್ಣೆ ಗೆರೆಗಿಂತ ಕೆಳಗಿಳಿಯದಂತೆ ನೋಡಿಕೊಂಡು ಎಂಜಿನ್ ಅರ್ಧ ನಿಮಿಷ ಓಡಿಸಿ ಎಷ್ಟು ಬಂತೆಂದು ಬರೆದುಕೊಳ್ಳಬೇಕು. ಒಮ್ಮೆ ತಣ್ಣಗಿದ್ದಾಗ, ಒಮ್ಮೆ ಬಿಸಿಯಾದ ಮೇಲೆ, ಒಮ್ಮೆ ವೇಗ ಏರಿಸಿ. ಟ್ರ್ಯಾಕ್ಟರಿನಲ್ಲಿ ಕ್ಯಾನಿಗೆ ಧಾರಾಳವಾಗಿ ಬಂದು, ಪೈಪು ಮರಳಿ ಜೋಡಿಸಿದಾಗ ಹೊಗೆ ಎದ್ದರೆ ಕೆಟ್ಟಿರುವುದು ಟರ್ಬೊ ಅಲ್ಲ, ದಾರಿ. ಇಲ್ಲವೇ ಸವೆದ ಪಿಸ್ಟನ್ ರಿಂಗಿನಿಂದ ಸಂಪಿನೊಳಗೆ ಗಾಳಿಯ ಒತ್ತಡ ಏರಿದೆ. ಸ್ನೋಮೊಬೈಲಿನಲ್ಲಾದರೆ ಬಿಸಿಯಲ್ಲಿ ಬಂದ ಅತಿ ಹೆಚ್ಚಿನ ಅಂಕೆಯನ್ನು ನಿಮಿಷದ ಲೆಕ್ಕಕ್ಕೆ ತಂದು ಎರಡರಿಂದ ಗುಣಿಸಿ, ಆಮೇಲೆ ಪಂಪಿನ ಕ್ಯಾಟಲಾಗು ತೆರೆಯಬೇಕು.